ಜೊಂಡು ನೆಟ್ಟರೆ ಕೊಳಚೆ ಎಲ್ಲಿಗೆ ಹೋಗುತ್ತದೆ?

ಕೆರೆ ಕೆಟ್ಟಿದೆ ಅಂದ ಕೂಡಲೇ ಈಗ ಯಾರಾದರೂ ಒಬ್ಬರು ಜೊಂಡಿನ ಮಾತು ತೆಗೆಯುತ್ತಾರೆ. ಕಾಬಾಳೆ, ಲಾವಂಚ, ಜೊಂಡು ಎಲ್ಲ ನೆಟ್ಟುಬಿಡಿ, ಕರೆಂಟು ಬೇಡ, ಯಂತ್ರ ಬೇಡ, ಪ್ರಕೃತಿಯೇ ನೀರು ತೊಳೆದು ಕೊಡುತ್ತದೆ ಅಂತ. ಇದರಲ್ಲಿ ಅರ್ಧ ನಿಜ. ಉಳಿದರ್ಧ ತಿಳಿಯದೆ ದುಡ್ಡು ಸುರಿದರೆ ಕೆಲವೇ ವರ್ಷಗಳಲ್ಲಿ ಗಿಡದ ಕೆಳಗೆ ಹಾಸಿದ ಜಲ್ಲಿಯೆಲ್ಲ ಕಟ್ಟಿಕೊಂಡು, ಕಪ್ಪು ನೀರು ಗಿಡದ ಬುಡ ಮುಟ್ಟದೆ ಮೇಲೆಯೇ ಹರಿದುಹೋಗುತ್ತದೆ. ಆಗ "ಇದೆಲ್ಲ ಸುಳ್ಳು" ಅನ್ನುವವರೂ ಅವರೇ.

ಸುಳ್ಳೇನಲ್ಲ. ಕೇಳಬೇಕಾದ ಪ್ರಶ್ನೆ ಮಾತ್ರ ಬೇರೆ. ಹೀಗೆ ಜೊಂಡು ನೆಟ್ಟ ಜೌಗು ನೆಲಕ್ಕೆ ಹೋಗುವ ಕೊಳೆಯಲ್ಲಿ ನಾಲ್ಕೈದು ಬಗೆ ಇದೆ, ಒಂದೊಂದೂ ಒಂದೊಂದು ದಾರಿ ಹಿಡಿಯುತ್ತದೆ. ಕೆಲವು ಗಾಳಿಗೆ ಹೋಗುತ್ತವೆ. ಕೆಲವು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಕೂತಿರುತ್ತವೆ. ಇದಿಷ್ಟು ಗೊತ್ತಾದರೆ ಯಾವ ಜೌಗು ಕೆಲಸ ಮಾಡುತ್ತದೆ, ಯಾವುದು ಬರೀ ಫೋಟೋಗೆ ಚೆನ್ನಾಗಿರುತ್ತದೆ ಅಂತ ನೀವೇ ಹೇಳಬಹುದು.

ಮೊದಲು ಗಿಡದ ಬಗ್ಗೆ ಇರುವ ತಪ್ಪು ಕಲ್ಪನೆ. ನೀರಿನ ಕೊಳೆಯನ್ನು ಗಿಡ ಹೀರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೀರುತ್ತದೆ, ಆದರೆ ಒಟ್ಟು ಕೆಲಸದಲ್ಲಿ ಅದರ ಪಾಲು ಸಣ್ಣದು. ನಿಜವಾದ ಕೂಲಿ ಬೇರಿಗೆ, ಜಲ್ಲಿಗೆ, ಕೆಸರಿಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳದ್ದು. ಗಿಡ ಅವುಗಳಿಗೆ ಇರಲು ಜಾಗ ಕೊಡುತ್ತದೆ, ಉಸಿರು ಕೊಡುತ್ತದೆ. ಒಂದು ಜೊಂಡಿನ ಗಿಡ ಕಿತ್ತು ಬುಡ ಅಡ್ಡಕ್ಕೆ ಕೊಯ್ದು ನೋಡಿ, ಒಳಗೆಲ್ಲ ಗೂಡು ಗೂಡು. ಎಲೆಯಿಂದ ಬೇರಿನ ತುದಿವರೆಗೆ ಗಾಳಿ ಇಳಿಯುವ ಕೊಳವೆಗಳು ಅವು. ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ, ಹಾಗಾಗಿ ಗಿಡ ತನ್ನ ಬೇರಿಗೆ ಮೇಲಿಂದಲೇ ಗಾಳಿ ತರಿಸಿಕೊಳ್ಳಬೇಕು. ಆ ಗಾಳಿ ಬೇರಿನಿಂದ ಸ್ವಲ್ಪ ಸೋರುತ್ತದೆ. ಸೋರಿದ ಕಡೆ ಕೆಸರಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಪ್ಪು ಕೆಸರಿನಿಂದ ಎಳೆದು ತೊಳೆದ ಬೇರಿನ ಮೇಲೆ ಕೆಂಗಂದು ಬಣ್ಣದ ತೆಳು ಪದರ ಕಾಣುತ್ತದಲ್ಲ, ಅದು ಮಣ್ಣಲ್ಲ, ತುಕ್ಕು. ಇಲ್ಲಿವರೆಗೂ ಗಾಳಿ ಬಂದಿದೆ ಅನ್ನುವುದಕ್ಕೆ ಸಾಕ್ಷಿ.

ಈಗ ಕೊಳೆಗೆ ಬರೋಣ. ಮನೆಗಳಿಂದ ಬರುವ ಕೊಳಚೆಯಲ್ಲಿ ಮೊದಲು ಸಿಗುವುದು ಮಲ, ಅನ್ನ, ಎಣ್ಣೆ, ಸೋಪು, ಅಂದರೆ ಕೊಳೆಯುವ ವಸ್ತು. ಇದನ್ನು ತಿನ್ನಲು ಬ್ಯಾಕ್ಟೀರಿಯಾಗೆ ಎಷ್ಟು ಆಮ್ಲಜನಕ ಬೇಕಾಗುತ್ತದೋ ಆ ಲೆಕ್ಕವೇ ಬಿಒಡಿ. ಸಾಮಾನ್ಯ ಕೊಳಚೆಯಲ್ಲಿ ಇದು ಲೀಟರಿಗೆ 200ರಿಂದ 300 ಮಿಲಿಗ್ರಾಂ. ನಮ್ಮ ಹವೆಯಲ್ಲಿ ಒಂದು ಲೀಟರ್ ಒಳ್ಳೆ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ 8 ಮಿಲಿಗ್ರಾಂ. ಗುಣಾಕಾರ ಮಾಡಿ ನೋಡಿ: ಒಂದು ಬಕೆಟ್ ಕೊಳಚೆ ಮೂವತ್ತು ಬಕೆಟ್ ಒಳ್ಳೆ ನೀರಿನ ಉಸಿರನ್ನು ಪೂರ್ತಿ ನುಂಗಬಲ್ಲದು. ಮೀನು ವಿಷ ಕುಡಿದೇ ಸಾಯಬೇಕಿಲ್ಲ, ಉಸಿರು ಕಟ್ಟಿ ಸಾಯುತ್ತದೆ. ಈ ಬಗೆಯ ಕೊಳೆಯ ಮಟ್ಟಿಗೆ ಜೌಗು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ನಿಧಾನವಾಗುತ್ತದೆ, ಗಷ್ಟು ತಳಕ್ಕೆ ಇಳಿಯುತ್ತದೆ, ಕರಗಿದ್ದನ್ನು ಬ್ಯಾಕ್ಟೀರಿಯಾ ತಿಂದು ಇಂಗಾಲದ ಡೈಆಕ್ಸೈಡ್ ಮಾಡಿ ಗಾಳಿಗೆ ಬಿಡುತ್ತದೆ. ರೋಗಾಣುಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ: ಬಿಸಿಲು, ಸಮಯ, ಅವನ್ನು ತಿನ್ನುವ ಸಣ್ಣ ಜೀವಿಗಳು.

ಎರಡನೆಯದು ಸಾರಜನಕ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಚೆಂದದ ಭಾಗ ಇದು. ಉಚ್ಚೆಯಿಂದ ಬರುವ ಯೂರಿಯಾ ಬೇಗ ಅಮೋನಿಯಾ ಆಗುತ್ತದೆ. ಅಮೋನಿಯಾ ಮೀನಿಗೆ ವಿಷ. ಆಮ್ಲಜನಕ ಇರುವ ಕಡೆ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಇಲ್ಲಿಗೆ ವಿಷ ಕಡಿಮೆಯಾಯಿತು, ಆದರೆ ಸಾರಜನಕ ಇನ್ನೂ ನೀರಲ್ಲೇ ಇದೆ, ಪಾಚಿಗೆ ಗೊಬ್ಬರವಾಗಿ. ಮುಂದಿನ ಹೆಜ್ಜೆ ಇಡುವ ಬ್ಯಾಕ್ಟೀರಿಯಾಗಳದ್ದು ಉಲ್ಟಾ ಸ್ವಭಾವ. ಸುತ್ತ ಆಮ್ಲಜನಕ ಇದ್ದರೆ ಅವು ನೈಟ್ರೇಟಿನ ತಂಟೆಗೆ ಹೋಗುವುದಿಲ್ಲ. ಅದು ಸಿಗದೆ ಹೋದಾಗ ಮಾತ್ರ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಂಡು ಉಸಿರಾಡುತ್ತವೆ. ಉಳಿಯುವುದು ಸಾರಜನಕದ ಅನಿಲ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ತಾನೇ, ಗುಳ್ಳೆಯಾಗಿ ಎದ್ದು ಹೋದರೆ ಯಾರಿಗೂ ತೊಂದರೆಯಿಲ್ಲ.

ಅಂದರೆ ಒಂದೇ ಕೆಲಸಕ್ಕೆ ಗಾಳಿ ಇರುವ ಜಾಗವೂ ಬೇಕು, ಗಾಳಿ ಇಲ್ಲದ ಜಾಗವೂ ಬೇಕು. ಕಾರ್ಖಾನೆ ಥರದ ಸಂಸ್ಕರಣಾ ಘಟಕದಲ್ಲಿ ಇದಕ್ಕೆ ಬೇರೆ ಬೇರೆ ತೊಟ್ಟಿ, ಬ್ಲೋವರ್, ಪಂಪು. ಜೌಗಿನಲ್ಲಿ ಆ ತುಕ್ಕು ಹಿಡಿದ ಬೇರಿನ ಸುತ್ತ ಕೂದಲೆಳೆಯಷ್ಟು ಗಾಳಿ, ಅದರಾಚೆ ಕತ್ತಲೆ ಕೆಸರು. ಎರಡೂ ಪಕ್ಕಪಕ್ಕದಲ್ಲೇ. ಕಟ್ಟಿದ ಜೌಗಿನಲ್ಲೂ ಇದೇ ಉಪಾಯ. ಕೊಳಚೆಯನ್ನು ಮೇಲಿಂದ ಬಿಟ್ಟು ಬಿಟ್ಟು ಸುರಿದು ಜಲ್ಲಿಯೊಳಗೆ ಇಳಿಸುವ ಹಾಸು ಅಮೋನಿಯಾ ಕೆಲಸಕ್ಕೆ ಒಳ್ಳೆಯದು, ಯಾಕಂದ್ರೆ ಪ್ರತಿ ಸಲ ನೀರು ಇಳಿದಾಗ ಹಿಂದೆಯೇ ಗಾಳಿ ನುಗ್ಗುತ್ತದೆ. ಅಡ್ಡಕ್ಕೆ ನಿಧಾನವಾಗಿ ಹರಿಸುವ, ಯಾವಾಗಲೂ ತುಂಬಿರುವ ಹಾಸು ನೈಟ್ರೇಟ್ ತೆಗೆಯಲು ಒಳ್ಳೆಯದು. ತಿಳಿದವರು ಎರಡನ್ನೂ ಒಂದರ ಹಿಂದೆ ಒಂದು ಇಡುತ್ತಾರೆ. ಬರೀ ಅಡ್ಡ ಹಾಸು ಕಟ್ಟಿ "ಅಮೋನಿಯಾ ಯಾಕೋ ಇಳೀತಿಲ್ಲ" ಅಂದರೆ ಹೇಗೆ ಇಳಿದೀತು?

ಮೂರನೆಯದು ರಂಜಕ. ಇದಕ್ಕೆ ಗಾಳಿಗೆ ಹೋಗುವ ದಾರಿಯೇ ಇಲ್ಲ. ಕೆಸರಿನ ಕಬ್ಬಿಣ, ಅಲ್ಯುಮಿನಿಯಂ, ಸುಣ್ಣಕ್ಕೆ ಅಂಟಿಕೊಳ್ಳುತ್ತದೆ, ಒಂದಿಷ್ಟು ಗಿಡದ ಮೈಗೆ ಸೇರುತ್ತದೆ. ಹೊಸದಾಗಿ ಕಟ್ಟಿದ ಜೌಗಿನ ಮೊದಲ ವರ್ಷಗಳ ವರದಿ ನೋಡಿದರೆ ರಂಜಕ ಭರ್ಜರಿಯಾಗಿ ಇಳಿದಿರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಇದು ಹಿಂಬಾಗಿಲಿಲ್ಲದ ಗೋದಾಮು. ತುಂಬುವವರೆಗೆ ತೆಗೆದುಕೊಳ್ಳುತ್ತದೆ, ತುಂಬಿದ ಮೇಲೆ ಬಂದಷ್ಟೇ ಹೊರಗೆ ಕಳಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ, ತಳದಲ್ಲಿ ಆಮ್ಲಜನಕ ಪೂರ್ತಿ ಮುಗಿದಾಗ ಆ ತುಕ್ಕು ಕರಗುತ್ತದೆ, ಅದಕ್ಕೆ ಅಂಟಿಕೊಂಡಿದ್ದ ರಂಜಕವೂ ವಾಪಸ್ ನೀರಿಗೆ ಬರುತ್ತದೆ. ಗಿಡ ಹೀರಿದ್ದೂ ಅಷ್ಟೇ. ಕಟಾವು ಮಾಡಿ ಹೊರಗೆ ಸಾಗಿಸಿದರೆ ಲಾಭ. ಹಾಗೇ ಬಿಟ್ಟರೆ ಗಿಡ ಸತ್ತು ಕೊಳೆತು ಹೀರಿದ್ದನ್ನೆಲ್ಲ ಅಲ್ಲೇ ಬಿಡುತ್ತದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಈ ಕಣ್ಣಿನಿಂದ ನೋಡಿ. ದಶಕಗಳ ಕಾಲ ಊರಿನ ಕೊಳಚೆ, ಸೋಪಿನ ನೊರೆ, ರಂಜಕ ಎಲ್ಲ ಒಳಗೆ. ಅದನ್ನು ತಿಂದು ಅಂತರಗಂಗೆ ಕೆರೆ ಮುಚ್ಚುವಷ್ಟು ಬೆಳೆಯಿತು. ಬೆಳೆದ ಅಂತರಗಂಗೆ ನೀರಿಗೆ ಬಿಸಿಲೂ ಗಾಳಿಯೂ ತಗಲದಂತೆ ಮಾಡಿತು, ಸತ್ತು ತಳ ಸೇರಿತು, ತಳದಲ್ಲಿ ಕೊಳೆತು ಮೀಥೇನ್ ಆಯಿತು. ಮಳೆಗಾಲದಲ್ಲಿ ನೀರು ಕೋಡಿ ಬಿದ್ದಾಗ ನೊರೆ ರಸ್ತೆಗೆ ಹಾರಿತು. 2015ರಲ್ಲಿ ಬೆಂಕಿ, 2017ರಲ್ಲಿ ಬೆಂಕಿ, 2018ರ ಜನವರಿಯಲ್ಲಿ ಮತ್ತೆ ಬೆಂಕಿ, ಆರಿಸಲು ಸೇನೆಯವರೇ ಬರಬೇಕಾಯಿತು. ಕಿಡಿ ಎಲ್ಲಿಂದ ಬಂತು, ಹತ್ತಿದ್ದು ಒಣ ಹುಲ್ಲಿಗೋ ಕಸಕ್ಕೋ ಅನಿಲಕ್ಕೋ ಅಂತ ವಾದ ಆಯಿತು, ಅದು ಇರಲಿ. ಗಿಡಕ್ಕೇನೂ ಅಲ್ಲಿ ಕೊರತೆ ಇರಲಿಲ್ಲ ಅಲ್ವಾ? ಗಿಡ ಇದ್ದ ಮಾತ್ರಕ್ಕೆ ನೀರು ಶುದ್ಧವಾಗುವುದಾದರೆ ಬೆಳ್ಳಂದೂರು ಯಾವತ್ತೋ ತಿಳಿಯಾಗಬೇಕಿತ್ತು.

ನಾಲ್ಕನೆಯದು ಲೋಹಗಳು: ಸೀಸ, ತಾಮ್ರ, ಸತು, ಕ್ಯಾಡ್ಮಿಯಂ, ಪಾದರಸ. ಇಲ್ಲಿ ಕರಾವಳಿಯ ಕೆಸರಿನದ್ದು ಒಂದು ವಿಶೇಷ ಇದೆ. ಇಳಿತದ ಹೊತ್ತಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿಗೆ ಕಾಲಿಟ್ಟರೆ ಮೇಲಿನ ತೆಳು ಕಂದು ಪದರದ ಕೆಳಗೆ ಕಡುಕಪ್ಪು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಯಾರೋ ಗಲೀಜು ಮಾಡಿದ್ದಾರೆ ಅಂತ ಮೂಗು ಮುಚ್ಚಿಕೊಳ್ಳಬೇಡಿ, ಅದು ಆ ಜಾಗದ ಸ್ವಂತ ವಾಸನೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಜಾಸ್ತಿ. ಆಮ್ಲಜನಕ ಸಿಗದ ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನೇ ಉಸಿರಾಡಿ ಸಲ್ಫೈಡ್ ಮಾಡುತ್ತವೆ. ಆ ಸಲ್ಫೈಡ್ ಕಬ್ಬಿಣದ ಜೊತೆ ಸೇರಿದ್ದೇ ಕಪ್ಪು ಬಣ್ಣ. ಸೀಸ, ಸತು, ಕ್ಯಾಡ್ಮಿಯಂ ಬಂದರೆ ಅವನ್ನೂ ಹಿಡಿದು ಕೂರಿಸುತ್ತದೆ. ಇದರ ಇನ್ನೊಂದು ಲಾಭ, ಸಲ್ಫೇಟ್ ಇರುವಲ್ಲಿ ಮೀಥೇನ್ ಮಾಡುವ ಜೀವಿಗಳ ಆಟ ಅಷ್ಟಾಗಿ ನಡೆಯುವುದಿಲ್ಲ, ಹಾಗಾಗಿ ಉಪ್ಪು ನೀರಿನ ಜೌಗು ಸಿಹಿನೀರಿನ ಜೌಗಿಗಿಂತ ಕಡಿಮೆ ಮೀಥೇನ್ ಬಿಡುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ಲೋಹ ಹೀಗೆ ಕೂತಿರುವುದು ಕೆಸರು ಒದ್ದೆಯಾಗಿ, ಗಾಳಿ ತಾಗದೆ ಇರುವವರೆಗೆ ಮಾತ್ರ. ಬಂದರಿಗೋ ಲೇಔಟಿಗೋ ಅಂತ ಅಗೆದು ದಡಕ್ಕೆ ಹಾಕಿದಿರಿ ಅನ್ನಿ, ಒಣಗಿದ ಸಲ್ಫೈಡ್ ಗಾಳಿ ಹಿಡಿದು ಆಮ್ಲವಾಗುತ್ತದೆ, ಅಷ್ಟು ವರ್ಷ ಕೂಡಿಟ್ಟ ಲೋಹ ಮುಂದಿನ ಮಳೆಗೆ ಹೊರಡುತ್ತದೆ. ಪಾದರಸದ್ದು ಇನ್ನೂ ಬೇರೆ ಲೆಕ್ಕ. ಇದೇ ಸಲ್ಫೇಟ್ ಬ್ಯಾಕ್ಟೀರಿಯಾಗಳು ಪಾದರಸವನ್ನು ಮಿಥೈಲ್ ಪಾದರಸ ಮಾಡಿಬಿಡಬಲ್ಲವು. ಅದು ಮೀನಿನ ಮೈಗೆ ಸೇರಿ, ದೊಡ್ಡ ಮೀನಿನಲ್ಲಿ ಇನ್ನೂ ಜಾಸ್ತಿಯಾಗಿ, ಊಟದ ತಟ್ಟೆಗೆ ಬರುವ ರೂಪ. ಅಂದರೆ ಪಾದರಸದ ನೀರನ್ನು ಜೌಗಿಗೆ ಬಿಡುವುದು ಶುದ್ಧ ಮಾಡಿದಂತಲ್ಲ, ಇನ್ನಷ್ಟು ಕೆಡಿಸಿದಂತೆ.

ಈ ಲೆಕ್ಕವನ್ನೆಲ್ಲ ಇಟ್ಟುಕೊಂಡು ಸಮುದ್ರದ ಅಂಚಿನಲ್ಲೇ ಜೌಗು ಕಟ್ಟಿ ತೋರಿಸಿದ ಊರೊಂದಿದೆ: ಕ್ಯಾಲಿಫೋರ್ನಿಯಾದ ಉತ್ತರದಲ್ಲಿ ಹಂಬೋಲ್ಟ್ ಕೊಲ್ಲಿಯ ದಡದ ಆರ್ಕೇಟಾ. ಹದಿನೆಂಟು ಸಾವಿರದಷ್ಟು ಜನರ ಸಣ್ಣ ಊರು. 1970ರ ದಶಕದಲ್ಲಿ ರಾಜ್ಯದ ನಿಯಮ ಬಿಗಿಯಾಯಿತು. ಕೊಲ್ಲಿಗೆ ಕೊಳಚೆ ನೀರು ಬಿಡಬೇಡಿ, ಸುತ್ತಲ ಊರುಗಳೆಲ್ಲ ಸೇರಿ ಒಂದು ದೊಡ್ಡ ಘಟಕ ಕಟ್ಟಿ ಅನ್ನುವ ಯೋಜನೆ ಬಂತು. ಖರ್ಚು ನೋಡಿ ಊರಿನವರು ಒಪ್ಪಲಿಲ್ಲ. ಅಲ್ಲಿನ ವಿಶ್ವವಿದ್ಯಾಲಯದ ಜಾರ್ಜ್ ಅಲೆನ್ ಆಗಲೇ ಕೊಳಚೆ ಕೊಳದ ನೀರನ್ನು ಸಮುದ್ರದ ನೀರಿಗೆ ಬೆರೆಸಿ ಸಾಲ್ಮನ್ ಮರಿ ಬೆಳೆಸುತ್ತಿದ್ದರು. ಪರಿಸರ ಎಂಜಿನಿಯರಿಂಗ್ ಪ್ರಾಧ್ಯಾಪಕ ರಾಬರ್ಟ್ ಗೇರ್‌ಹಾರ್ಟ್ ಮತ್ತಿತರರು ಸೇರಿ ಸಣ್ಣ ಸಣ್ಣ ಜೌಗಿನ ತುಂಡು ಕಟ್ಟಿ ಅಳತೆ ಮಾಡಿ ತೋರಿಸಿದರು. 1986ರಲ್ಲಿ ಪೂರ್ತಿ ವ್ಯವಸ್ಥೆ ಶುರುವಾಯಿತು. ಜಾಗ ಯಾವುದು ಅಂದರೆ ಹಳೇ ಮರದ ಮಿಲ್ಲು ಮತ್ತು ಊರಿನ ಹಳೇ ಕಸದ ಗುಡ್ಡೆ ಇದ್ದ ಕೊಲ್ಲಿಯ ಅಂಚು.

ಅಲ್ಲಿ ನೀರು ಹೋಗುವ ಕ್ರಮವೇ ಮುಖ್ಯ ವಿಷಯ. ಹಸಿ ಕೊಳಚೆ ಸೀದಾ ಜೊಂಡಿಗೆ ಹೋಗುವುದಿಲ್ಲ. ಮೊದಲು ತೊಟ್ಟಿಯಲ್ಲಿ ಗಷ್ಟು ಇಳಿಸುತ್ತಾರೆ, ಅದು ಬೇರೆ ಕಡೆ ಹೋಗಿ ಗೊಬ್ಬರವಾಗುತ್ತದೆ. ನೀರು ದೊಡ್ಡ ಕೊಳಗಳಲ್ಲಿ ನಿಂತು ಬಿಸಿಲು ಗಾಳಿ ಕುಡಿಯುತ್ತದೆ. ಆಮೇಲೆ ಸಂಸ್ಕರಣೆಗೆಂದೇ ಕಟ್ಟಿದ ಜೌಗು. ಕೊಳದಲ್ಲಿ ಬೆಳೆದ ಪಾಚಿ ಇಲ್ಲಿ ಜೊಂಡಿನ ನೆರಳಿಗೆ ಸತ್ತು ತಳ ಸೇರುತ್ತದೆ. ನಂತರ ರೋಗಾಣು ಕೊಲ್ಲುವ ಹಂತ. ಜನ ವಾಕಿಂಗ್ ಹೋಗುವ, ಹಕ್ಕಿ ನೋಡುವ, ಚೆಂದದ ಜೌಗುಗಳು ಬರುವುದು ಇದೆಲ್ಲ ಆದ ಮೇಲೆ. ಅವುಗಳಿಗೆ ಅಲೆನ್, ಗೇರ್‌ಹಾರ್ಟ್ ಹೆಸರುಗಳನ್ನೇ ಇಟ್ಟಿದ್ದಾರೆ. ಫೋಟೋಗಳಲ್ಲಿ ಬರುವುದು ಇದೇ ಕೊನೆಯ ಭಾಗ, ನಮ್ಮಲ್ಲಿ ನಕಲು ಮಾಡಲು ಹೊರಡುವುದೂ ಇದನ್ನೇ, ಅದರ ಹಿಂದಿನ ತೊಟ್ಟಿ ಕೊಳಗಳನ್ನು ಯಾರೂ ಕೇಳುವುದಿಲ್ಲ. ಹಂಬೋಲ್ಟ್ ಕೊಲ್ಲಿಯಲ್ಲಿ ಊಟಕ್ಕೆ ಆಯ್ಸ್ಟರ್ ಚಿಪ್ಪು ಸಾಕುತ್ತಾರೆ, ಹಾಗಾಗಿ ರೋಗಾಣು ಹಂತದಲ್ಲಿ ತಮಾಷೆ ಮಾಡುವ ಹಾಗೇ ಇಲ್ಲ.

ಹಾಗಾದರೆ ಕಟ್ಟುವುದೇಕೆ, ಕರಾವಳಿಯಲ್ಲಿ ಈಗಾಗಲೇ ಇರುವ ಜೌಗಿಗೇ ಬಿಟ್ಟರಾಯಿತಲ್ಲ? ಇದನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಲಮ್ ಐಲ್ಯಾಂಡ್ ಅಳಿವೆಯಲ್ಲಿ ಪರೀಕ್ಷೆ ಮಾಡಿ ನೋಡಿದರು. ಲಿಂಡಾ ಡೀಗನ್ ಮತ್ತು ಜೊತೆಗಾರರು ಒಂಬತ್ತು ವರ್ಷ ಉಬ್ಬರದ ನೀರಿಗೆ ಸಾರಜನಕ ಬೆರೆಸುತ್ತಾ ಹೋದರು. ಗೊಬ್ಬರ ಸಿಕ್ಕ ಹುಲ್ಲು ಮೊದಲು ಸೊಂಪಾಗಿ, ಎತ್ತರಕ್ಕೆ ಬೆಳೆಯಿತು. ಕೆಳಗೆ ಮಾತ್ರ ಬೇರು ಕಡಿಮೆಯಾಯಿತು, ಸುಲಭವಾಗಿ ಸಿಗುವ ಗೊಬ್ಬರಕ್ಕೆ ಬೇರು ಚಾಚುವ ಕಷ್ಟ ಯಾಕೆ? ಮಣ್ಣನ್ನು ಹಿಡಿದಿಟ್ಟಿದ್ದ ಹಳೇ ಬೇರು ಕಡ್ಡಿ ಕೂಡ ಬೇಗ ಕೊಳೆಯಿತು. ಕೆಲವು ವರ್ಷಕ್ಕೆ ತೊರೆಯ ದಡಗಳು ಬಿರುಕು ಬಿಟ್ಟು, ಜಾರಿ, ಹುಲ್ಲಿನ ಸಮೇತ ನೀರಿಗೆ ಬಿದ್ದವು. 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮೇಲಿಂದ ನೋಡಿದವರಿಗೆ ಜೌಗು ಎಂದಿಗಿಂತ ಹಸಿರಾಗಿ ಕಂಡಿರಬೇಕು.

ನಮ್ಮ ಕಡೆ ಅಘನಾಶಿನಿಯನ್ನು ತೆಗೆದುಕೊಳ್ಳಿ. ಶಿರಸಿ ಕಡೆಯಿಂದ ಹೊರಟು, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕುಮಟಾ ಹತ್ತಿರ ಸಮುದ್ರ ಸೇರುವ ನದಿ. ಅಳಿವೆಯಲ್ಲಿ ಕಾಂಡ್ಲಾ, ಗಜನಿ ಗದ್ದೆ, ಅದರಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. 2024ರ ಜನವರಿಯಲ್ಲಿ ಇದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಇಳಿತದ ಹೊತ್ತಿಗೆ ಬೆಳಚು ಹೆಕ್ಕುವುದು ಎಷ್ಟೋ ಮನೆಗಳ ಜೀವನ. ಬೆಳಚು, ಮಂಗಳೂರಿನವರ ಮರುವಾಯಿ, ಇಂಥ ಎರಡು ಚಿಪ್ಪಿನ ಜೀವಿಗಳು ನೀರು ಸೋಸಿ ತಿನ್ನುವಂಥವು. ಅಮೆರಿಕದ ಪೂರ್ವ ಕರಾವಳಿಯ ಆಯ್ಸ್ಟರ್ ಎಲ್ಲ ಅನುಕೂಲವಾಗಿದ್ದರೆ ದಿನಕ್ಕೆ ಸುಮಾರು 190 ಲೀಟರ್‌ವರೆಗೆ ಸೋಸುತ್ತದೆ ಅನ್ನುವ ಲೆಕ್ಕ ಇದೆ. ಇದನ್ನು ಕೇಳಿದವರು ಆಹಾ, ಬಿಟ್ಟಿ ಫಿಲ್ಟರ್ ಅಂತಾರೆ. ಸೋಸಿದ್ದು ಎಲ್ಲಿಗೆ ಹೋಯಿತು? ಕೊಳಚೆಯ ರೋಗಾಣು, ಲೋಹ ಅದರ ಮೈಯೊಳಗೇ ಸೇರುತ್ತಾ ಹೋಗುತ್ತದೆ, ನೀರಿನಲ್ಲಿ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿಯಾಗಿ. ಮಾರುಕಟ್ಟೆಯಲ್ಲಿ ಚಿಪ್ಪು ನೋಡಿ ಯಾರೂ ಹೇಳಲಾರರು. ಅದಕ್ಕೇ ಮೇಲಿನ ಊರುಗಳ ಕೊಳಚೆಯನ್ನು ಅಳಿವೆ "ನೋಡಿಕೊಳ್ಳುತ್ತದೆ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನೋಡಿಕೊಳ್ಳುವುದು ಅಳಿವೆಯಲ್ಲ, ಬೆಳಚು ಹೆಕ್ಕುವವರು, ತಿನ್ನುವವರು.

ಕೋಲ್ಕತ್ತಾದ ಉದಾಹರಣೆ ಕೊಡುವವರಿದ್ದಾರೆ, ಅದು ಸರಿಯಾದ ಉದಾಹರಣೆಯೇ. ಊರಿನ ಪೂರ್ವಕ್ಕೆ ಹಿಂದೆ ಉಬ್ಬರದ ಉಪ್ಪು ನೀರು ಬರುತ್ತಿದ್ದ ಜೌಗು. ಬಿದ್ಯಾಧರಿ ನದಿ ಹೂಳು ತುಂಬಿ ಸತ್ತ ಮೇಲೆ ಉಪ್ಪು ನೀರು ನಿಂತಿತು, ಮೀನುಗಾರರು ನಗರದ ಕೊಳಚೆಯನ್ನೇ ಕೊಳಗಳಿಗೆ ತಿರುಗಿಸಿಕೊಂಡರು. ಈಗ 12,500 ಹೆಕ್ಟೇರ್, 2002ರಿಂದ ರಾಮ್ಸರ್ ತಾಣ. ಅಲ್ಲಿ ಭೇರಿ ಅಂತ ಕರೆಯುವ ಮೀನಿನ ಕೊಳಗಳಲ್ಲಿ ಮೀನುಗಾರ ನೀರಿನ ಬಣ್ಣ, ವಾಸನೆ ನೋಡಿ ಎಷ್ಟು ಕೊಳಚೆ ಬಿಡಬೇಕು, ಯಾವಾಗ ನಿಲ್ಲಿಸಬೇಕು ಅಂತ ತೀರ್ಮಾನಿಸುತ್ತಾನೆ. ಬಿಸಿಲಿಗೆ ಪಾಚಿ ಬೆಳೆಯುತ್ತದೆ, ಪಾಚಿ ಆಮ್ಲಜನಕ ಕೊಡುತ್ತದೆ, ಪಾಚಿಯನ್ನು ಮೀನು ತಿನ್ನುತ್ತದೆ, ಮೀನು ಸಂತೆಗೆ ಹೋಗುತ್ತದೆ. ಗಮನಿಸಿ, ರಂಜಕಕ್ಕೆ ಹೊರಹೋಗುವ ದಾರಿ ಇಲ್ಲಿ ಸಿಕ್ಕಿದೆ, ಮೀನಿನ ಬುಟ್ಟಿಯಲ್ಲಿ. ಇಂಥ ವ್ಯವಸ್ಥೆಗೆ ಮನೆಯ ಕೊಳಚೆ ಊಟ, ಚರ್ಮ ಹದ ಮಾಡುವ ಕಾರ್ಖಾನೆಗಳ ಕ್ರೋಮಿಯಂ ಕಂಟಕ. ಅದೇ ಕಾಲುವೆಯಲ್ಲಿ ಎರಡೂ ಬಂದರೆ ಮೀನುಗಾರನ ಮೂಗಿಗೆ ಕ್ರೋಮಿಯಂ ತಿಳಿಯುವುದಿಲ್ಲ.

ಬೆಂಗಳೂರು ಇಡೀ ಜೌಗಿನಲ್ಲೇ ನೀರು ತೊಳೆಯಬಹುದಾ? ಲೆಕ್ಕ ಹಾಕೋಣ. ಫ್ರಾನ್ಸಿನ ಸಾವಿರಾರು ಹಳ್ಳಿಗಳಲ್ಲಿ ಹಸಿ ಕೊಳಚೆಯನ್ನೇ ಜೊಂಡಿನ ಹಾಸಿಗೆ ಸುರಿಯುವ ಪದ್ಧತಿ ಇದೆ. ತಲೆಗೆ ಸುಮಾರು 2 ಚದರ ಮೀಟರ್. ಒಂದು ಕೋಟಿ ಜನಕ್ಕೆ 2,000 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 5,000 ಎಕರೆ. ಬೆಳ್ಳಂದೂರು ಕೆರೆ ಸುಮಾರು 900 ಎಕರೆ. ಐದೂವರೆ ಬೆಳ್ಳಂದೂರಿನಷ್ಟು ಖಾಲಿ ಜಾಗ ಯಾರ ಬಳಿ ಇದೆ? ಹಾಗಾಗಿ ದೊಡ್ಡ ಊರಿಗೆ ಬೆಂಗಳೂರಿನದೇ ಜಕ್ಕೂರು ಕೆರೆಯ ದಾರಿ ವಾಸಿ. ಅಲ್ಲಿ ಮೊದಲು ಜಲಮಂಡಳಿಯ ಘಟಕ, ಆಮೇಲೆ ಕೆರೆಯಂಚಿನ ಜೌಗು, ಆಮೇಲೆ 160 ಎಕರೆಯ ಕೆರೆ. ಭಾರದ ಕೆಲಸ ಯಂತ್ರಕ್ಕೆ, ಕೊನೆಯ ನಯಗೆಲಸ ಜೌಗಿಗೆ. ಘಟಕ ಕೈಕೊಟ್ಟ ದಿನ, ಅಥವಾ ಯಾವುದೋ ರಾಜಕಾಲುವೆಯಿಂದ ಹಸಿ ಕೊಳಚೆ ನುಗ್ಗಿದ ದಿನ ಜೌಗೊಂದೇ ಏನೂ ಮಾಡಲಾರದು. ಹಳ್ಳಿ, ಹಾಸ್ಟೆಲ್, ಆಶ್ರಮಶಾಲೆ, ಸಣ್ಣ ಪಟ್ಟಣಗಳ ಮಾತು ಬೇರೆ, ಜಾಗ ಇದ್ದರೆ ಅಲ್ಲಿ ಜೌಗಿಗಿಂತ ಅಗ್ಗದ ಉಪಾಯ ನನಗಂತೂ ಕಾಣುವುದಿಲ್ಲ.

ಕೊನೆಗೆ ಉಳಿಯುವುದು ಹೂಳಿನ ಪ್ರಶ್ನೆ. ಫ್ರೆಂಚ್ ಹಾಸುಗಳ ಮೇಲೆ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಗಷ್ಟು ಕೂರುತ್ತದೆ, ಹತ್ತು ಹದಿನೈದು ವರ್ಷಕ್ಕೊಮ್ಮೆ ಕೆರೆದು ತೆಗೆದು ಹೊಲಕ್ಕೆ ಹಾಕುತ್ತಾರೆ. ನಮಗೆ ಇದೇನು ಹೊಸದಲ್ಲ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆದು ಹೊಲಕ್ಕೆ ಚೆಲ್ಲುವುದು ಬಯಲುಸೀಮೆಯ ಹಳೇ ಪದ್ಧತಿ. ರಂಜಕ ಹೊರಹೋಗಲು ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಆದರೆ ಕೈಗಾರಿಕೆಯ ನೀರು ಸೇರಿದ ಕೆರೆಯ ಗೋಡನ್ನು ರಾಗಿ ಹೊಲಕ್ಕೆ ಹಾಕಿ ಅಂತ ಯಾವ ಧೈರ್ಯದಲ್ಲಿ ಹೇಳುವುದು? ಮೊದಲು ಲ್ಯಾಬಿಗೆ ಕಳಿಸಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ನೋಡಬೇಕು. ಜಾಸ್ತಿ ಬಂದರೆ ಆ ಲಾರಿಗಟ್ಟಲೆ ಮಣ್ಣು ಗೊಬ್ಬರವಲ್ಲ, ಅಪಾಯಕಾರಿ ತ್ಯಾಜ್ಯ, ಅದಕ್ಕೆಂದೇ ಇರುವ ಗುಂಡಿಗೆ ಸಾಗಿಸಬೇಕು, ಖರ್ಚು ಊರಿನವರ ತಲೆಗೆ. ಪ್ಲೇಟಿಂಗ್ ಅಂಗಡಿಯ, ಬಣ್ಣ ಹಾಕುವ ಘಟಕದ ನೀರನ್ನು ಮನೆ ಕೊಳಚೆಯ ಪೈಪಿಗೆ ಸೇರದಂತೆ ತಡೆಯುವ ಖರ್ಚು ಇದರ ಮುಂದೆ ಏನೇನೂ ಅಲ್ಲ.